ಕಾರ್ಲ್‌ಷ್ಟೇಯ್ನ್‌ಗೆ ಒಂದು ದಿನ: ಕೋಟೆ ಸರಿ, ಊರಿನಲ್ಲಿ ಏನಿದೆ?

ಪ್ರಶ್ನೆ | ದಾರಿಬುತ್ತಿ

ಸೆಪ್ಟೆಂಬರ್‌ನಲ್ಲಿ ಪ್ರಾಗ್‌ನಿಂದ ಒಂದು ದಿನಕ್ಕೆ ಕಾರ್ಲ್‌ಷ್ಟೇಯ್ನ್‌ಗೆ ಹೋಗಿಬರುವ ಯೋಚನೆ. ಎಲ್ಲಿ ಹುಡುಕಿದರೂ ಕೋಟೆಯದ್ದೇ ಚಿತ್ರ, ಊರಿನ ಬಗ್ಗೆ ಎರಡು ಸಾಲು ಮಾಹಿತಿ ಸಿಗುವುದೂ ಕಷ್ಟ. ತಿಳಿದವರು ದಯವಿಟ್ಟು ಹೇಳಿ.

ಇದನ್ನು ಕೆಲವರು ಹಳ್ಳಿ ಅನ್ನುತ್ತಾರೆ, ಕೆಲವರು ಪಟ್ಟಣ ಅನ್ನುತ್ತಾರೆ. ಚೆಕ್ ಪುಟಗಳಲ್ಲಿ 'ಮ್ಯೆಸ್ಟಿಸ್' ಎಂದಿದೆ, ಹಾಗೆಂದರೇನು? ಕೋಟೆಯೊಳಗೆ ಎರಡು ಮೂರು ಬಗೆಯ ಟಿಕೆಟ್ ಇವೆಯಂತೆ, ಯಾವುದನ್ನು ತೆಗೆದುಕೊಂಡರೆ ನಿಜವಾಗಿ ನೋಡಬೇಕಾದ್ದು ಸಿಗುತ್ತದೆ? ರಾಜಮುಕುಟ ಇಡುವುದಕ್ಕೇ ಕೋಟೆ ಕಟ್ಟಿದ್ದು, ಹೆಂಗಸರಿಗೆ ಒಳಗೆ ಪ್ರವೇಶವೇ ಇರಲಿಲ್ಲ ಅನ್ನುವುದೆಲ್ಲ ನಿಜವೇ? ಕೋಟೆ ಮುಗಿದ ಮೇಲೆ ಅರ್ಧ ದಿನ ಉಳಿದರೆ ಸುತ್ತಮುತ್ತ ನಡೆದು ನೋಡುವಂಥದ್ದು ಏನಿದೆ? ಕಾರು ಬೇಡ, ರೈಲೇ ಸಾಕು. ಜೊತೆಗೆ ಎಪ್ಪತ್ತು ದಾಟಿದವರೊಬ್ಬರು ಇರುತ್ತಾರೆ.

---

ಉತ್ತರ | ನಕಾಶೆಮನೆ

ಮೊದಲು ಆ ಪದ. ಹಳ್ಳಿಗಿಂತ ಮೇಲೆ, ಪಟ್ಟಣಕ್ಕಿಂತ ಕೆಳಗೆ ಇರುವ ದರ್ಜೆಯೇ ಮ್ಯೆಸ್ಟಿಸ್. ಹಿಂದಿನ ಕಾಲದಲ್ಲಿ ರಾಜನೋ ಒಡೆಯನೋ ಒಂದು ಊರಿಗೆ ಸಂತೆ ನಡೆಸುವ ಹಕ್ಕು ಕೊಟ್ಟರೆ ಅದು ಈ ದರ್ಜೆಗೆ ಏರುತ್ತಿತ್ತು. ನಮ್ಮಲ್ಲಿ ಊರ ಹೆಸರಿಗೆ 'ಪೇಟೆ' ಅಂಟಿಕೊಂಡ ಹಾಗೆ ಅಂದುಕೊಳ್ಳಿ, ಆದರೆ ಅಲ್ಲಿ ಅದಕ್ಕೆ ಕಾಗದಪತ್ರದ ಬಲ ಇತ್ತು. ಕಮ್ಯುನಿಸ್ಟ್ ಆಡಳಿತದಲ್ಲಿ, 1954ರಲ್ಲಿ, ಈ ದರ್ಜೆಯನ್ನೇ ಕೈಬಿಟ್ಟರು. 2006ರ ಕಾನೂನು ತಿದ್ದುಪಡಿಯಲ್ಲಿ ವಾಪಸು ತಂದರು. 17 ಮೇ 1954ಕ್ಕೆ ಮೊದಲು ಈ ಬಿರುದು ಬಳಸುವ ಹಕ್ಕಿದ್ದ ಊರುಗಳು ಸಂಸತ್ತಿನ ಕೆಳಮನೆಯ ಅಧ್ಯಕ್ಷರಿಗೆ ಅರ್ಜಿ ಹಾಕಿ ಮರಳಿ ಪಡೆಯಬಹುದು. ಹೀಗಾಗಿ 2006ಕ್ಕೆ ಮುಂಚಿನ ಪುಸ್ತಕಗಳಲ್ಲಿ ಇಂಥ ಊರುಗಳೆಲ್ಲ ಬರೀ 'ಒಬೆತ್ಸ್', ಅಂದರೆ ಸಾದಾ ಗ್ರಾಮ. ನಿಮಗೆ ಗೊಂದಲ ಆಗಿರುವುದು ಅಲ್ಲೇ. ಈಗ ಮ್ಯೆಸ್ಟಿಸ್ ಅನ್ನುವುದು ಗೌರವದ ಬಿರುದು ಮಾತ್ರ. ಸಂತೆಗೂ ಅದಕ್ಕೂ ಸಂಬಂಧ ಉಳಿದಿಲ್ಲ.

ಇನ್ನು ಊರು. ಪ್ರಾಗ್‌ನ ನೈಋತ್ಯಕ್ಕೆ ಸುಮಾರು 30 ಕಿ.ಮೀ., ಬೆರೌನ್ ಜಿಲ್ಲೆ, ಬೆರೌಂಕಾ ನದಿಯ ಎರಡೂ ದಂಡೆ. ಜನಸಂಖ್ಯೆ ಸಾವಿರದೊಳಗೆ. ಹಳೆಯ ನಕಾಶೆಗಳಲ್ಲಿ 'ಕಾರ್ಲ್‌ಷ್ಟೇಯ್ನ್' ಅಂದರೆ ಕೋಟೆ ಮಾತ್ರ. ಅದರ ಕೆಳಗಿನ ಊರಿಗೆ ಬುದ್ನ್ಯಾನಿ ಅಂತ ಹೆಸರು, ನದಿಯಾಚೆ ಪೌಚ್ನಿಕ್. ಎರಡೂ ಸೇರಿ ಕೋಟೆಯ ಹೆಸರನ್ನು ಹೊತ್ತದ್ದು ತೀರಾ ಈಚೆಗೆ, ಇಪ್ಪತ್ತನೇ ಶತಮಾನದಲ್ಲಿ. ಹಳೆಯ ದಾಖಲೆ ಓದುವಾಗ ಬುದ್ನ್ಯಾನಿ ಎಂದು ಹುಡುಕದಿದ್ದರೆ ಊರು ಸಿಗುವುದೇ ಇಲ್ಲ.

ಬೊಹೇಮಿಯಾದ (ಚೆಕ್ ದೇಶದ ಪಶ್ಚಿಮ ಭಾಗ) ಮಾಮೂಲಿ ಮ್ಯೆಸ್ಟಿಸ್‌ಗೆ ನಡುವೆ ಒಂದು ಚೌಕ, ಚೌಕದ ಅಂಚಿಗೆ ಚರ್ಚು, ನಡುವೆ ಪ್ಲೇಗ್ ಸ್ತಂಭ (ಪಿಡುಗು ತೊಲಗಿದ ನೆನಪಿಗೆ ನಿಲ್ಲಿಸಿದ ಕಂಬ) ಇರುತ್ತದೆ. ಇಲ್ಲಿ ಅದನ್ನು ಹುಡುಕಬೇಡಿ. ನದಿಯಿಂದ ಕೋಟೆಯ ಕಡೆಗೆ ಏರುವ ಇಕ್ಕಟ್ಟಿನ ಕಣಿವೆಯಲ್ಲಿ ಮನೆಗಳು ಒಂದೇ ಬೀದಿಗೆ ಪೋಣಿಸಿಕೊಂಡು ಮೇಲಕ್ಕೆ ಹೋಗಿವೆ. ಚೌಕ ಹಾಕುವಷ್ಟು ಸಮತಟ್ಟು ಜಾಗ ಆ ಕಣಿವೆಯಲ್ಲಿಲ್ಲ, ಬೀದಿಯೇ ಊರು. ಇವತ್ತು ಅದರ ಇಕ್ಕೆಲದಲ್ಲಿ ಗಾಜಿನ ಸಾಮಾನು, ಗಾರ್ನೆಟ್, ಐಸ್‌ಕ್ರೀಮ್ ಅಂಗಡಿಗಳು. ಅವನ್ನು ಸರಸರ ದಾಟಿಕೊಳ್ಳಿ.

ನಿಲ್ಲಬೇಕಾದ ಜಾಗ ಸಂತ ಪಲ್ಮಾತಿಯಸ್ ಚರ್ಚು. ಪಲ್ಮಾತಿಯಸ್ ಬೊಹೇಮಿಯಾದ ಸಂತನಲ್ಲ, ಜರ್ಮನಿಯ ಟ್ರೀರ್ ಕಡೆಯವನು. ಕೋಟೆ ಕಟ್ಟಿಸಿದ ಬೊಹೇಮಿಯಾದ ರಾಜ ನಾಲ್ಕನೇ ಚಾರ್ಲ್ಸ್ ಯುರೋಪಿನ ಮೂಲೆಮೂಲೆಯಿಂದ ಸಂತರ ಪವಿತ್ರ ಅವಶೇಷ ತರಿಸುತ್ತಿದ್ದ, ಟ್ರೀರ್‌ನಿಂದ ಇವನದ್ದು ಬಂತು. ಕೋಟೆಯೊಳಗಿನ ವೈಭವವೆಲ್ಲ ರಾಜನ ಸ್ವಂತಕ್ಕೆ, ಕೆಳಗಿನ ಜನರ ಪಾಲಿಗೆ ಬಂದದ್ದು ಈ ಚರ್ಚು. ಬಹುತೇಕ ಪ್ರವಾಸಿಗರು ತಲೆ ಎತ್ತಿ ಕೋಟೆ ನೋಡುತ್ತಲೇ ಇದನ್ನು ದಾಟಿಬಿಡುತ್ತಾರೆ.

---

ಉತ್ತರ | ಹಳಿಪಟ್ಟಿ

ರೈಲಿನ ಭಾಗ ನನ್ನದು.

ಪ್ರಾಗ್‌ನ ಮುಖ್ಯ ನಿಲ್ದಾಣ ಹ್ಲಾವ್ನೀ ನಾದ್ರಾಝೀಯಿಂದ ಎಸ್7 ಲೋಕಲ್, ಬೆರೌನ್ ಕಡೆಗೆ ಹೋಗುವುದು. ಸುಮಾರು 40 ನಿಮಿಷ. ಸ್ಮೀಖೊವ್ ನಿಲ್ದಾಣದಲ್ಲಿ ಹತ್ತಿದರೆ ಅರ್ಧ ಗಂಟೆ ಸಾಕು. ಹಗಲಿನಲ್ಲಿ ಹೆಚ್ಚುಕಡಿಮೆ ಅರ್ಧ ಗಂಟೆಗೊಂದು ಗಾಡಿ. ಇಲ್ಲಿ ಆಗುವ ತಪ್ಪು ಒಂದೇ: ಅದೇ ಹಳಿಯ ಮೇಲೆ ಪ್ಲ್ಜೆನ್ ಕಡೆಯ ಎಕ್ಸ್‌ಪ್ರೆಸ್ ಗಾಡಿಗಳೂ ಓಡುತ್ತವೆ, ಅವು ಕಾರ್ಲ್‌ಷ್ಟೇಯ್ನ್‌ನಲ್ಲಿ ನಿಲ್ಲುವುದಿಲ್ಲ. 'ಬೆರೌನ್' ಎಂಬ ಫಲಕ ನೋಡಿ ಹತ್ತಿದರೆ ಕಿಟಕಿಯಿಂದ ಊರು ನೋಡಿಕೊಂಡು ಬೆರೌನ್‌ಗೆ ಹೋಗಿ, ಅಲ್ಲಿಂದ ಲೋಕಲ್ ಹಿಡಿದು ವಾಪಸು ಬರಬೇಕಾಗುತ್ತದೆ. ಗಾಡಿಯ ಮೇಲೆ ಎಸ್7 ಎಂದಿದೆಯೇ ನೋಡಿ ಹತ್ತಿ.

ಟಿಕೆಟ್ ವಿಷಯ. ಪ್ರಾಗ್ ನಗರದೊಳಗಿನ ದಿನದ ಪಾಸು ಇಲ್ಲಿಯವರೆಗೆ ಸಾಲದು, ಊರು ಹೊರವಲಯದಲ್ಲಿದೆ. ಪಾಸು ಇದ್ದರೆ ಹೊರವಲಯಗಳಿಗಷ್ಟೇ ಹೆಚ್ಚುವರಿ ಟಿಕೆಟ್ ಸಾಕು. ಕಾಗದದ ಟಿಕೆಟ್ ಆದರೆ ಹಳದಿ ಯಂತ್ರದಲ್ಲಿ ಮುದ್ರೆ ಒತ್ತಿಸಿ. ಒತ್ತಿಸದಿದ್ದರೆ ಟಿಕೆಟ್ ಕೈಯಲ್ಲಿದ್ದರೂ ಇಲ್ಲದ ಲೆಕ್ಕ.

ಈ ಹಳಿ ಬಂದದ್ದು 1862ರಲ್ಲಿ, ಪ್ರಾಗ್‌ನಿಂದ ಪ್ಲ್ಜೆನ್‌ಗೆ. ನದಿಯ ಬಲದಂಡೆ ಹಿಡಿದು ಹೋದದ್ದರಿಂದ ನಿಲ್ದಾಣ ಒಂದು ಕಡೆ, ಕೋಟೆಯ ಊರು ಇನ್ನೊಂದು ಕಡೆ. ಇಳಿದು, ಸೇತುವೆ ದಾಟಿ, ಊರ ಬೀದಿಯಲ್ಲಿ ಏರಿ ಕೋಟೆ ಬಾಗಿಲು ಮುಟ್ಟಲು 2 ಕಿ.ಮೀ. ಆಸುಪಾಸು. ನಕಾಶೆಯಲ್ಲಿ ಅರ್ಧ ಗಂಟೆ ಎನ್ನುತ್ತದೆ. ಎಪ್ಪತ್ತು ದಾಟಿದವರ ಜೊತೆಗೆ 50 ನಿಮಿಷ ಇಟ್ಟುಕೊಳ್ಳಿ. ಒಟ್ಟು ಏರು ನೂರು ಮೀಟರಿನಷ್ಟು, ಅದರ ಬಹುಪಾಲು ಕೊನೆಯ ಮುಕ್ಕಾಲು ಕಿಲೋಮೀಟರಿನಲ್ಲಿ. ಹಾಸುಗಲ್ಲಿನ ದಾರಿ, ಮಳೆ ಬಂದರೆ ಜಾರುತ್ತದೆ. ಚಪ್ಪಲಿ ಬೇಡ. ಸ್ವಂತ ಕಾರಿನಲ್ಲಿ ಬಂದವರಿಗೂ ಬಿಡುಗಡೆ ಇಲ್ಲ, ವಾಹನ ಕೆಳಗೇ ನಿಲ್ಲಿಸಿ ನಡೆಯಬೇಕು. ಹಾಗಾಗಿ ರೈಲು ಬಿಟ್ಟು ಕಾರು ತಂದರೆ ಉಳಿತಾಯವೇನೂ ಇಲ್ಲ.

ಕಾಯ್ದಿರಿಸಿದ ಹೊತ್ತಿಗೆ ತಲುಪುವುದು ಮುಖ್ಯ. ಪ್ರವೇಶ ಗುಂಪುಗಳಲ್ಲಿ, ಮಾರ್ಗದರ್ಶಿಯ ಜೊತೆ ಮಾತ್ರ. ಗುಂಪು ಒಳಗೆ ಹೋಗಿ ಬಾಗಿಲು ಹಾಕಿದ ಮೇಲೆ ಮಧ್ಯೆ ಸೇರಿಸಿಕೊಳ್ಳುವ ವ್ಯವಸ್ಥೆ ಇಲ್ಲ. ನಿಮ್ಮ ಸಮಯಕ್ಕೆ ಒಂದೂವರೆ ಗಂಟೆ ಮೊದಲು ಕಾರ್ಲ್‌ಷ್ಟೇಯ್ನ್ ಪ್ಲಾಟ್‌ಫಾರ್ಮ್ ಮೇಲೆ ಇಳಿದಿರಿ. ವರ್ಷದ ಬಹುಪಾಲು ಸೋಮವಾರ ರಜೆ, ಚಳಿಗಾಲದಲ್ಲಿ ತೆರೆದಿರುವ ದಿನಗಳೂ ಕಡಿಮೆ.

ಸೆಪ್ಟೆಂಬರ್ ಅಂದಿರಿ. ತಿಂಗಳ ಕೊನೆಯ ವಾರಾಂತ್ಯದಲ್ಲಿ ದ್ರಾಕ್ಷಿ ಕೊಯ್ಲಿನ ಹಬ್ಬ, ನಾಲ್ಕನೇ ಚಾರ್ಲ್ಸ್‌ನ ವೇಷದ ಮೆರವಣಿಗೆ ಸಮೇತ. ಹಬ್ಬ ನೋಡುವ ಆಸೆ ಇದ್ದರೆ ಅದೇ ದಿನ ಹೋಗಿ. ಕೋಟೆಯ ಒಳಗನ್ನು ನೆಮ್ಮದಿಯಾಗಿ ನೋಡಬೇಕಿದ್ದರೆ ಆ ಎರಡು ದಿನ ಬಿಟ್ಟು ಹೋಗಿ. ಎರಡೂ ಒಟ್ಟಿಗೆ ಆಗುವುದಿಲ್ಲ.

---

ಉತ್ತರ | ಶಾಸನಪ್ರಿಯ

ಟಿಕೆಟ್ ಪ್ರಶ್ನೆಗೆ ಮೊದಲು, ಕೋಟೆ ಹೇಗಿದೆ ಅನ್ನುವುದು ಗೊತ್ತಿರಲಿ. ಆಗ ಯಾವ ಟಿಕೆಟ್‌ನ ಸುತ್ತಿನಲ್ಲಿ ಏನು ತಪ್ಪಿಹೋಗುತ್ತದೆ ಎನ್ನುವುದು ತಾನಾಗಿ ತಿಳಿಯುತ್ತದೆ.

ಸುಣ್ಣಕಲ್ಲಿನ ಒಂದು ಕೋಡಿನ ಮೇಲೆ ಕಟ್ಟಡಗಳು ಮೆಟ್ಟಿಲು ಮೆಟ್ಟಿಲಾಗಿ ಏರುತ್ತವೆ. ತೀರಾ ಕೆಳಗೆ ಬಾವಿ ಗೋಪುರ, ದುರ್ಗಪಾಲನ ಮನೆ. ಅದರ ಮೇಲೆ ಚಕ್ರವರ್ತಿಯ ಅರಮನೆ, ಇನ್ನೂ ಮೇಲೆ ಮರಿಯಾ ಗೋಪುರ, ತುದಿಯಲ್ಲಿ 60 ಮೀಟರ್ ಎತ್ತರದ ದೊಡ್ಡ ಗೋಪುರ. ಈ ಏರಿಕೆ ಬರೀ ನೆಲದ ಇಳಿಜಾರಿನಿಂದ ಆದದ್ದಲ್ಲ. ಕೆಳಗೆ ನೀರು ಮತ್ತು ಕೆಲಸದವರು, ನಡುವೆ ರಾಜ, ರಾಜನ ಮೇಲೆ ಮೇರಿಮಾತೆ, ಎಲ್ಲಕ್ಕೂ ಮೇಲೆ ಪವಿತ್ರ ಶಿಲುಬೆಯ ಗುಡಿ. ದೇವಸ್ಥಾನದಲ್ಲಿ ಹೊರಪ್ರಾಕಾರದಿಂದ ಗರ್ಭಗುಡಿಗೆ ಹೋಗುವ ಕ್ರಮವನ್ನು ನಿಲ್ಲಿಸಿ ಇಟ್ಟ ಹಾಗೆ.

ಮೊದಲ ಸುತ್ತಿನಲ್ಲಿ ಅರಮನೆಯ ಕೋಣೆಗಳು, ಮರಿಯಾ ಗೋಪುರದ ಕೆಳ ಅಂತಸ್ತು, ಸಂತ ವೆನ್ಸೆಸ್ಲಾಸ್ ಕಿರೀಟದ ಪ್ರತಿಕೃತಿ. ಒಂದು ಗಂಟೆಯೊಳಗೆ ಮುಗಿಯುತ್ತದೆ. ಚೆನ್ನಾಗಿದೆ, ಆದರೆ ಇಂಥದ್ದು ಮಧ್ಯ ಯುರೋಪಿನ ಬೇರೆ ಕೋಟೆಗಳಲ್ಲೂ ಸಿಗುತ್ತದೆ. ಬೇರೆಲ್ಲೂ ಸಿಗದಿರುವುದು ಎರಡನೇ ಸುತ್ತಿನಲ್ಲಿದೆ: ಮರಿಯಾ ಗೋಪುರದ ಚರ್ಚಿನ ಭಿತ್ತಿಚಿತ್ರಗಳು, ಅದಕ್ಕೆ ಅಂಟಿಕೊಂಡ ಸಂತ ಕ್ಯಾಥರಿನ್‌ಳ ಪುಟ್ಟ ಪ್ರಾರ್ಥನಾ ಕೋಣೆ, ಕೊನೆಗೆ ದೊಡ್ಡ ಗೋಪುರದ ಶಿಲುಬೆಯ ಗುಡಿ. ಇದಕ್ಕೆ ಒಂದೂವರೆ ಗಂಟೆಗೂ ಹೆಚ್ಚು. ಒಂದೇ ಟಿಕೆಟ್ ಎನ್ನುವುದಾದರೆ ಎರಡನೆಯದೇ. ಆದರೆ ಇದು ಬೆಚ್ಚಗಿನ ತಿಂಗಳುಗಳಲ್ಲಿ ಮಾತ್ರ ನಡೆಯುತ್ತದೆ. ಗುಂಪು ಚಿಕ್ಕದು, ಮುಂಗಡ ಕಾಯ್ದಿರಿಸದೆ ಹೋದರೆ ಸಿಗುವ ಭರವಸೆ ಇಲ್ಲ. ಸೆಪ್ಟೆಂಬರ್ ವಾರಾಂತ್ಯಕ್ಕೆ ಈಗಲೇ ನೋಡಿ. ಸಂಖ್ಯೆಗೆ ಮಿತಿ ಹಾಕಿರುವುದಕ್ಕೆ ಕಾರಣ ನಮ್ಮ ಉಸಿರು. ಮುಚ್ಚಿದ ಕೋಣೆಯಲ್ಲಿ ಜನರ ಉಸಿರಿನ ತೇವ, ಬಿಸಿ ಏರಿದರೆ ಮರದ ಹಲಗೆ ಉಬ್ಬಿ ಕುಗ್ಗಿ, ಮೇಲಿನ ಬಣ್ಣ ಮತ್ತು ಚಿನ್ನದ ರೇಕು ಎದ್ದುಬರುತ್ತವೆ. ಮೂರನೇ ಸುತ್ತು ದೊಡ್ಡ ಗೋಪುರದ ಮೇಲಂತಸ್ತು ಮತ್ತು ನೋಟ. ಮೆಟ್ಟಿಲು ಬಹಳ, ಹಿರಿಯರಿಗೆ ಬೇಡ. ಲಿಫ್ಟ್ ನಿರೀಕ್ಷೆ ಯಾವ ಸುತ್ತಿನಲ್ಲೂ ಬೇಡ. ಒಳಗೆ ಫೋಟೊ ತೆಗೆಯಲು ಬಿಡುವುದಿಲ್ಲ.

ಗುಡಿಯೊಳಗೆ ಏನನ್ನು ನೋಡಬೇಕು ಅನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ, ಅಲ್ಲಿ ನಿಲ್ಲಲು ಸಿಗುವ ಹೊತ್ತು ಕಡಿಮೆ. ಗೋಡೆಯ ಕೆಳಭಾಗದಲ್ಲಿ ನಯ ಮಾಡಿದ ಜಾಸ್ಪರ್, ಅಮೆಥಿಸ್ಟ್ ಬಿಲ್ಲೆಗಳನ್ನು ಚಿನ್ನ ಬಳಿದ ಗಾರೆಯಲ್ಲಿ ಕೂರಿಸಿದ್ದಾರೆ. ಆ ಕಲ್ಲುಗಳು ಬೊಹೇಮಿಯಾದ ವಾಯವ್ಯ ಅಂಚಿನ ಕ್ರುಶ್ನೆ ಹೋರಿ ಬೆಟ್ಟಸೀಮೆಯವು. ಒಂದಕ್ಕೊಂದು ಅಳತೆ ಹೊಂದುವುದಿಲ್ಲ. ಸಿಕ್ಕ ಆಕಾರದಲ್ಲೇ ಸೀಳಿ ಕೂರಿಸಿ, ನಡುವಿನ ಸಂದನ್ನು ಚಿನ್ನದ ಉಬ್ಬುಗಾರೆಯಿಂದ ತುಂಬಿದ್ದಾರೆ. ಅದರ ಮೇಲೆ ಸಾಲು ಸಾಲಾಗಿ 129 ಮರದ ಹಲಗೆಗಳು, ಒಂದೊಂದರಲ್ಲೂ ಒಬ್ಬ ಸಂತ, ಪ್ರವಾದಿ ಅಥವಾ ರಾಜ. ಬರೆದವನು ತೆಯೊದೊರಿಕ್, ಅವನ ಕಾರ್ಯಶಾಲೆಯವರ ಜೊತೆ, 1360ರ ದಶಕದಲ್ಲಿ. ಚೌಕಟ್ಟಿನ ಅಂಚು ನೋಡಿ, ಚಿಕ್ಕ ಗೂಡುಗಳಿವೆ. ಆಯಾ ಸಂತನ ಅವಶೇಷವನ್ನು ಅಲ್ಲೇ ಇಡುತ್ತಿದ್ದರು. ಅಂದರೆ ಇವು ಗೋಡೆ ಅಲಂಕಾರಕ್ಕೆ ತೂಗುಹಾಕಿದ ಚಿತ್ರಗಳಲ್ಲ. ಚಿತ್ರವೇ ಪೆಟ್ಟಿಗೆ, ಸಂತ ಸ್ವತಃ ಅದರೊಳಗೆ ಇದ್ದಾನೆ ಎಂಬ ನಂಬಿಕೆ. ಕೆಲವು ಚಿತ್ರಗಳಲ್ಲಿ ಬಟ್ಟೆಯೋ ಪುಸ್ತಕವೋ ಚೌಕಟ್ಟಿನ ಮೇಲೂ ಹರಿದಿರುವುದು ಕಾಣುತ್ತದೆ. ಮೇಲೆ ಚಿನ್ನದ ಕಮಾನಿನಲ್ಲಿ ಗಾಜಿನ ನಕ್ಷತ್ರಗಳು.

ತೆಯೊದೊರಿಕ್‌ಗೆ ಸಿಕ್ಕ ಸಂಭಾವನೆಯ ಶಾಸನ ಉಳಿದಿದೆ. 1367ರಲ್ಲಿ ಚಾರ್ಲ್ಸ್, ಮೊರ್ಝಿನಾ ಊರಿನಲ್ಲಿದ್ದ ಅವನ ಜಮೀನಿಗೆ ತೆರಿಗೆ ಮನ್ನಾ ಮಾಡಿದ. ಬದಲಿಗೆ ವರ್ಷಕ್ಕೆ 30 ಪೌಂಡ್ ಮೇಣ ಗುಡಿಯ ದೀಪಕ್ಕೆ ಕೊಡಬೇಕು. ಮೊರ್ಝಿನಾ ಇವತ್ತಿಗೂ ಪಕ್ಕದ ಊರೇ, ಉತ್ತರಕ್ಕಿರುವ ಹಳೆಯ ಕ್ವಾರಿಗಳ ಕಡೆ ನಡೆದರೆ ಸಿಗುತ್ತದೆ.

ಇನ್ನು ನೀವು ಕೇಳಿದ ಎರಡು ಮಾತು.

ಮುಕುಟ ಇಡುವುದಕ್ಕೇ ಕಟ್ಟಿದ್ದು ಅನ್ನುವುದು ದಿನಾಂಕಕ್ಕೆ ಹೊಂದುವುದಿಲ್ಲ. ಅಡಿಗಲ್ಲು ಬಿದ್ದದ್ದು 10 ಜೂನ್ 1348, ಹಾಕಿದವರು ಪ್ರಾಗ್‌ನ ಆರ್ಚ್‌ಬಿಷಪ್ ಅರ್ನೋಷ್ತ್. ಪವಿತ್ರ ರೋಮನ್ ಸಾಮ್ರಾಜ್ಯದ ಕಿರೀಟ, ಈಟಿ, ಖಡ್ಗಗಳು ಚಾರ್ಲ್ಸ್‌ನ ಕೈಗೆ ಬಂದದ್ದೇ 1350ರಲ್ಲಿ. ಚಕ್ರವರ್ತಿಯಾಗಿ ಅಭಿಷೇಕ ಆದದ್ದು 1355ರಲ್ಲಿ. ಶುರುವಿನಲ್ಲಿ ಇದು ರಾಜನ ಖಾಸಗಿ ನಿವಾಸ. ಕಟ್ಟುತ್ತಿರುವಾಗಲೇ ಉದ್ದೇಶ ಬದಲಾಗಿ ಖಜಾನೆಯಾಯಿತು, ಅದರ ಪ್ರಕಾರ ದೊಡ್ಡ ಗೋಪುರದ ಒಳಗನ್ನು ಗುಡಿಯಾಗಿಸಿದರು. ಗುಡಿ ಪೂರ್ತಿ ಮುಗಿದದ್ದು 1365ಕ್ಕೆ. ಇನ್ನೊಂದು ಗೊಂದಲ: ಕಿರೀಟ ಎರಡು ಸೆಟ್. ಸಾಮ್ರಾಜ್ಯದ್ದು ಹದಿನೈದನೇ ಶತಮಾನದ ಹುಸ್ಸೈಟ್ ಯುದ್ಧದ (ಧರ್ಮಸುಧಾರಕ ಯಾನ್ ಹುಸ್‌ನ ಅನುಯಾಯಿಗಳು ಚರ್ಚಿನ, ರಾಜನ ವಿರುದ್ಧ ಎದ್ದದ್ದು) ಕಾಲದಲ್ಲಿ ಇಲ್ಲಿಂದ ಹಂಗೇರಿಗೆ, 1424ರಲ್ಲಿ ನ್ಯೂರೆಂಬರ್ಗ್‌ಗೆ ಹೋಗಿ, ಈಗ ವಿಯೆನ್ನಾದಲ್ಲಿದೆ. ಬೊಹೇಮಿಯಾದ್ದು ಆ ಯುದ್ಧಕಾಲದಲ್ಲಿ ಇಲ್ಲಿಗೆ ಬಂದು 1619ರವರೆಗೆ ಇತ್ತು. ಈಗ ಪ್ರಾಗ್‌ನ ಸಂತ ವಿಟಸ್ ಕೆಥೆಡ್ರಲ್‌ನಲ್ಲಿ, ಏಳು ಬೀಗದ ಹಿಂದೆ.

ಹೆಂಗಸರ ನಿಷೇಧ. ಅದರ ಬೇರು 1357ರ ಶಾಸನ. ಅದರಲ್ಲಿರುವುದು, ಗುಡಿ ಇರುವ ಗೋಪುರದಲ್ಲಿ ಯಾರೂ ಯಾವ ಹೆಣ್ಣಿನ ಜೊತೆಗೂ, ಧರ್ಮಪತ್ನಿಯಾದರೂ ಸರಿ, ಮಲಗತಕ್ಕದ್ದಲ್ಲ ಎಂದು. ನಿಯಮ ಒಂದು ಗೋಪುರಕ್ಕೆ, ಅದೂ ಮಡಿಯ ಕಾರಣಕ್ಕೆ. ಚಕ್ರವರ್ತಿಯ ಅರಮನೆಯಲ್ಲಿ ರಾಣಿಯ ಅಂತಸ್ತೇ ಬೇರೆ ಇತ್ತು. ಹತ್ತೊಂಬತ್ತನೇ ಶತಮಾನದ ರಂಗಭೂಮಿ ಅದನ್ನು ಇಡೀ ಕೋಟೆಗೆ ಹಬ್ಬಿಸಿತು. ಮೇಲಾಗಿ 1755ರಿಂದ 1918ರವರೆಗೆ ಈ ಕೋಟೆಯ ಒಡೆತನ ಪ್ರಾಗ್‌ನ ಕುಲೀನ ಮಹಿಳೆಯರ ಸಂಸ್ಥೆಯೊಂದರದ್ದು, ಕೊಟ್ಟವಳು ಮರಿಯಾ ಥೆರೇಸಾ!

---

ದಾರಿಬುತ್ತಿ

ಎಲ್ಲರಿಗೂ ಧನ್ಯವಾದ. ಎರಡನೇ ಸುತ್ತು ಅಂತ ನಿರ್ಧಾರ ಆಯಿತು. ಬಾವಿ ಗೋಪುರದ ಬಗ್ಗೆ ಒಂದು ಕಡೆ 'ಬಾವಿಯಲ್ಲಿ ನೀರೇ ಇರಲಿಲ್ಲ' ಎಂದು ಓದಿದೆ. ನೀರಿಲ್ಲದೆ ಮುತ್ತಿಗೆ ತಡೆದದ್ದು ಹೇಗೆ? ಮತ್ತೆ ಈಗ ಕಾಣುವುದು ಎಷ್ಟು ಹಳೆಯದು?

---

ಉತ್ತರ | ಸುಣ್ಣಕಲ್ಲು

ಈ ಊರಿನ ಎಲ್ಲ ಪ್ರಶ್ನೆಗೂ ಉತ್ತರ ಕಾಲಕೆಳಗಿನ ಕಲ್ಲಿನಲ್ಲಿದೆ. ಬಾವಿಯದ್ದಂತೂ ಹೌದೇ ಹೌದು.

ಕೋಟೆ ನಿಂತಿರುವುದು ಸುಣ್ಣಕಲ್ಲಿನ ಮೇಲೆ. ಸುಣ್ಣಕಲ್ಲಿಗೆ ಮಳೆನೀರನ್ನು ಹಿಡಿದಿಟ್ಟುಕೊಳ್ಳುವ ಗುಣವಿಲ್ಲ. ಬಿರುಕು ಹಿಡಿದು, ಬಿರುಕನ್ನೇ ಕರಗಿಸಿ ಅಗಲ ಮಾಡಿಕೊಂಡು, ನೀರು ಸೀದಾ ಕೆಳಗೆ ಇಳಿದುಬಿಡುತ್ತದೆ. ನೀರಿನ ಮಟ್ಟ ಸಿಗಬೇಕಿದ್ದರೆ ಹೆಚ್ಚುಕಡಿಮೆ ನದಿಯ ಮಟ್ಟದವರೆಗೆ ತೋಡಬೇಕು. ಗಣಿ ಕೆಲಸದವರು ಸುಮಾರು 80 ಮೀಟರ್ ಆಳಕ್ಕೆ ಕೊರೆದರೂ ಸೆಲೆ ಸಿಗಲಿಲ್ಲ. ಆಗ ಪಕ್ಕದ ಕಣಿವೆಯ ಹಳ್ಳದಿಂದ ನೆಲದಡಿ ಕಾಲುವೆ ಕೊರೆದು ಬಾವಿಯ ಬುಡಕ್ಕೆ ನೀರು ಹಾಯಿಸಿದರು. ಅಂದರೆ ಅದು ಬಾವಿಯ ವೇಷದ ತೊಟ್ಟಿ. ಕಾಲುವೆಯ ಬಾಯಿ ಕೋಟೆಯ ಹೊರಗಿರುವುದರಿಂದ ಶತ್ರುವಿಗೆ ಗೊತ್ತಾದರೆ ಒಂದು ಬಂಡೆ ಇಟ್ಟು ಮುಚ್ಚಿದರೆ ಸಾಕು, ಕಥೆ ಮುಗಿಯಿತು. ಹಾಗಾಗಿ ಗುಟ್ಟಾಗಿ ಇಟ್ಟರು. ಬಾವಿ ಗೋಪುರದಲ್ಲಿ ದೊಡ್ಡ ಮರದ ಚಕ್ರ ಕಾಣುತ್ತದೆ, ಆಳು ಅದರೊಳಗೆ ನಿಂತು ನಡೆದರೆ ಹಗ್ಗ ಸುತ್ತಿಕೊಂಡು ಕೊಡ ಮೇಲೆ ಬರುತ್ತದೆ. ಅಷ್ಟು ಆಳದಿಂದ ಕೈರಾಟೆ ಹಾಕಿ ಎಳೆದರೆ ಒಂದು ಕೊಡಕ್ಕೇ ಸಾಕಾಗಿಹೋಗುತ್ತದೆ, ಅದಕ್ಕೇ ಕಾಲಿನ ಬಲ.

ಆ ಗುಟ್ಟು 1422ರಲ್ಲಿ ಕೋಟೆಯನ್ನು ಉಳಿಸಿತು. ಹುಸ್ಸೈಟರು ಆ ವರ್ಷ ನವೆಂಬರ್‌ವರೆಗೆ ತಿಂಗಳುಗಟ್ಟಲೆ ಮುತ್ತಿಗೆ ಹಾಕಿದರು. ಕಲ್ಲಿನಿಂದ ಗೋಡೆ ಬೀಳದಿದ್ದಾಗ ಕವಣೆಯಂತ್ರದಲ್ಲಿ ಸತ್ತ ಪ್ರಾಣಿ, ಮಲ ತುಂಬಿ ಒಳಗೆ ಎಸೆದರು, ರೋಗ ಹಬ್ಬಿಸುವ ಲೆಕ್ಕಾಚಾರ. ಒಳಗಿನವರು ಬಗ್ಗಲಿಲ್ಲ, ಕೊನೆಗೆ ಕದನವಿರಾಮ.

ಶಾಸನಪ್ರಿಯ ಅವರ ಉತ್ತರಕ್ಕೆ ಒಂದು ಸೇರ್ಪಡೆ: ಕೋಟೆಯ ಹೊರರೂಪವನ್ನು ಹದಿನಾಲ್ಕನೇ ಶತಮಾನದ್ದು ಎಂದು ನಂಬಿ ನೋಡಬೇಡಿ. ಹದಿನಾರನೇ ಶತಮಾನದ ಕೊನೆಗೆ ರಿನೈಸಾನ್ಸ್ ಶೈಲಿಯಲ್ಲಿ ತಿದ್ದಿದ್ದರು. ಆಮೇಲೆ 1887ರಿಂದ 1899ರವರೆಗೆ ಯೋಸೆಫ್ ಮೊಕರ್ ಎಂಬ ವಾಸ್ತುಶಿಲ್ಪಿ 'ಶುದ್ಧ ಗೋಥಿಕ್' (ಚಾರ್ಲ್ಸ್ ಕಾಲದ ಶೈಲಿ) ಮಾಡುವ ಹಠದಲ್ಲಿ ಆ ತಿದ್ದುಪಡಿಗಳನ್ನೆಲ್ಲ ಕಿತ್ತು, ಕಡಿದಾದ ಎತ್ತರದ ಚಾವಣಿಗಳನ್ನು ಕೂರಿಸಿದ. ಅಂಚೆಕಾರ್ಡಿನ ಆ ಆಕೃತಿ ಬಹುಪಾಲು ಅವನದ್ದು. ನನ್ನ ಮಟ್ಟಿಗೆ ಅದು ಅತಿಯಾಯಿತು. ಹಳೆಯದನ್ನು ಉಳಿಸುವ ಹೆಸರಿನಲ್ಲಿ ಮುನ್ನೂರು ವರ್ಷದ ಇನ್ನೊಂದು ಹಳೆಯದನ್ನು ಒರೆಸಿಹಾಕಿದರು. ಗುಡಿಯ ಒಳಗು ಮಾತ್ರ ನಿಜವಾಗಿ ಆ ಕಾಲದ್ದು.

ಈಗ ನಿಮ್ಮ ಅರ್ಧ ದಿನ.

ಕೋಟೆಯಿಂದ ಇಳಿದು ನದಿದಂಡೆಗೆ ಬಂದರೆ ಬುದ್ನ್ಯಾನ್ಸ್ಕಾ ಸ್ಕಾಲಾ ಎಂಬ ಬಂಡೆಗೋಡೆ ಇದೆ. ಮಡಿಸಿದ ಕಂಬಳಿಯ ಅಂಚಿನ ಹಾಗೆ ಸುಣ್ಣಕಲ್ಲಿನ ಪದರಗಳು ಬಾಗಿ ನಿಂತಿವೆ. ಸುಮಾರು 42 ಕೋಟಿ ವರ್ಷದ ಹಿಂದಿನ ಸಮುದ್ರದ ತಳ ಇದು. ಸಿಲೂರಿಯನ್ ಯುಗ ಮುಗಿದು ಡೆವೋನಿಯನ್ ಶುರುವಾಗುವ ಗೆರೆ ಈ ಬಂಡೆಯಲ್ಲೇ ಹಾದುಹೋಗುತ್ತದೆ. ಆ ಗೆರೆಗೆ ಜಗತ್ತಿಗೆಲ್ಲ ಅನ್ವಯಿಸುವ ಅಧಿಕೃತ ಮಾದರಿ ಜಾಗವಾಗಿ 1972ರಲ್ಲಿ ಗೊತ್ತುಮಾಡಿದ್ದು ಇದೇ ಸೀಮೆಯ ಸುಖೊಮಾಸ್ತಿ ಬಳಿಯ ಕ್ಲೊಂಕ್. ಭೂವಿಜ್ಞಾನದಲ್ಲಿ ಇಂಥ ಮಾದರಿ ಜಾಗ ಗುರುತಿಸಿದ್ದು ಅದೇ ಮೊದಲು. ಪಳೆಯುಳಿಕೆಗೆ ಆಸೆಪಟ್ಟು ಸುತ್ತಿಗೆ ತರಬೇಡಿ. ಚೆಸ್ಕೀ ಕ್ರಾಸ್ ಎಂಬ ಈ ಇಡೀ ಸುಣ್ಣಕಲ್ಲು ಸೀಮೆ 1972ರಿಂದ ಸಂರಕ್ಷಿತ ಪ್ರದೇಶ. ಅದರೊಳಗಿನ ರಾಷ್ಟ್ರೀಯ ನಿಸರ್ಗಧಾಮದಲ್ಲಿ ಗುರುತು ಹಾಕಿದ ದಾರಿ ಬಿಟ್ಟು ಕಾಲಿಡುವುದೂ ಕಾನೂನಿಗೆ ವಿರುದ್ಧ.

ದಕ್ಷಿಣಕ್ಕೆ ಮುಖ ಮಾಡಿದ ಇಳಿಜಾರುಗಳಲ್ಲಿ ದ್ರಾಕ್ಷಿ ಕಾಣುತ್ತದೆ. ಬಿಸಿಲು ಕಾದ ಸುಣ್ಣಕಲ್ಲು ಸಂಜೆಯವರೆಗೂ ಬೆಚ್ಚಗಿರುತ್ತದೆ, ನೀರು ನಿಲ್ಲುವುದಿಲ್ಲ, ಬಳ್ಳಿಗೆ ಇಷ್ಟವಾದದ್ದೂ ಅದೇ. ಬರ್ಗಂಡಿಯಿಂದ ಬಳ್ಳಿ ತರಿಸಿದವನು ಚಾರ್ಲ್ಸ್ ಎಂಬ ಮಾತಿದೆ. ಪ್ರಾಗ್ ಸುತ್ತಲಿನ ಗುಡ್ಡಗಳಲ್ಲಿ ದ್ರಾಕ್ಷಿ ಹಾಕಬೇಕೆಂದು ಅವನು 1358ರಲ್ಲಿ ಆಜ್ಞೆ ಹೊರಡಿಸಿದ್ದಂತೂ ದಾಖಲೆ. ಊರಲ್ಲಿ ದ್ರಾಕ್ಷಿ ಸಂಶೋಧನಾ ಕೇಂದ್ರವೂ ಇದೆ.

ನಡೆಯುವವರಿಗೆ ಎರಡು ದಾರಿ. ಒಂದು ಉತ್ತರಕ್ಕೆ, ಮೊರ್ಝಿನಾ ಕಡೆ ನಾಲ್ಕೈದು ಕಿ.ಮೀ., ವೆಲ್ಕಾ ಅಮೆರಿಕಾ ಎಂಬ ಬಿಟ್ಟುಹೋದ ಕ್ವಾರಿ. ಉದ್ದ 800 ಮೀಟರಿನಷ್ಟು, ಆಳ ಕೆಲವೆಡೆ ನೂರರ ಹತ್ತಿರ, ತಳದಲ್ಲಿ ಹಸಿರುನೀಲಿ ನೀರು. ಮೇಲಿನ ಅಂಚಿನಿಂದ ನೋಡುವುದಕ್ಕೆ ಮಾತ್ರ ಅನುಮತಿ. ಇಳಿಯುವುದು, ಈಜುವುದು ನಿಷಿದ್ಧ, ದಂಡ ಹಾಕುತ್ತಾರೆ. ದಂಡಕ್ಕಿಂತ ಹೆದರಬೇಕಾದ್ದು ಕಲ್ಲಿಗೆ: ಚಳಿಗಾಲದಲ್ಲಿ ಬಿರುಕಿನೊಳಗೆ ನೀರು ಹೆಪ್ಪುಗಟ್ಟಿ ಹಿಗ್ಗಿ, ಬೇಸಿಗೆಯಲ್ಲಿ ಸಡಿಲವಾಗಿ, ಅಂಚಿನ ಬಂಡೆ ಗೊತ್ತಾಗದಂತೆ ಕಳಚುತ್ತದೆ. ಬೇಲಿ ದಾಟಿ ಸೆಲ್ಫಿ ತೆಗೆಯುವವರು ನಿಂತಿರುವುದು ಅಂಥ ಕಲ್ಲಿನ ಮೇಲೆಯೇ. ಪಕ್ಕದಲ್ಲೇ ಮೆಕ್ಸಿಕೊ ಎಂಬ ಕ್ವಾರಿ, ಅದರಾಚೆ ಇನ್ನೊಂದಕ್ಕೆ 'ಕೈದಿಗಳ ಕ್ವಾರಿ' ಎಂದು ಹೆಸರು. 1949ರ ನಂತರದ ವರ್ಷಗಳಲ್ಲಿ ರಾಜಕೀಯ ಕೈದಿಗಳನ್ನು ಅಲ್ಲಿ ದುಡಿಸಿದ್ದರು.

ಇನ್ನೊಂದು ಕೆಂಪು ಗುರುತಿನ ಕಾಡುದಾರಿ, ಬುಬೊವಿತ್ಸೆ ಜಲಪಾತಗಳ ಮೂಲಕ ಸ್ವಾತೀ ಯಾನ್ ಪೊದ್ ಸ್ಕಲೌ ಎಂಬ ಮಠದ ಊರಿಗೆ. ಜಲಪಾತ ಎಂಬ ಹೆಸರು ನಂಬಿ ಸೆಪ್ಟೆಂಬರ್‌ನಲ್ಲಿ ಹೋಗಬೇಡಿ, ಬೇಸಿಗೆ ಮುಗಿಯುವಷ್ಟರಲ್ಲಿ ಬಹಳ ಸಲ ಒಣಗಿರುತ್ತದೆ. ನೋಡಬೇಕಾದ್ದು ಕೊನೆಯ ಊರು: ಕಡಿದಾದ ಬಂಡೆಯ ಬುಡದಲ್ಲಿ ಬರೋಕ್ ಚರ್ಚು, ಚರ್ಚಿನ ಒಳಗಿನಿಂದಲೇ ಗುಹೆಗೆ ದಾರಿ, ಪಕ್ಕದಲ್ಲಿ ಚಿಲುಮೆ. ಕೋಟೆಯ ಬಾವಿಗೆ ಸಿಗದ ನೀರು ಇಂಥ ಕಡೆ ಹೊರಬರುತ್ತದೆ. ಹಿರಿಯರಿದ್ದರೆ ಈ ದಾರಿ ಉದ್ದವಾಯಿತು.

---

ಉತ್ತರ | ಶಾಸನಪ್ರಿಯ

ಮೊಕರ್ ಬಗ್ಗೆ ಅರ್ಧ ಒಪ್ಪುತ್ತೇನೆ. ಅವನು ಕೈಹಾಕುವ ಹೊತ್ತಿಗೆ ಕೋಟೆ ಬಿದ್ದುಹೋಗುವ ಸ್ಥಿತಿಯಲ್ಲಿತ್ತು. ಶೈಲಿಯ ಹಠ ತಪ್ಪು, ದುರಸ್ತಿ ತಪ್ಪಲ್ಲ.

ಊರಿನ ಬಗ್ಗೆ ಒಂದು ಮಾತು ಬಿಟ್ಟಿದ್ದೆ. ಕೋಟೆಗೆ ಸಂಬಳದ ಸೈನ್ಯ ದೊಡ್ಡದಿರಲಿಲ್ಲ. ಸುತ್ತಲಿನ ಹಳ್ಳಿಗಳಲ್ಲಿ ಉಂಬಳಿ ಜಮೀನು ಪಡೆದವರು ಸರದಿಯ ಮೇಲೆ ಕಾವಲಿಗೆ ಬರಬೇಕಿತ್ತು. ಇವರ ಮೇಲಿನ ದುರ್ಗಪಾಲನ ಹುದ್ದೆ ಬೊಹೇಮಿಯಾದಲ್ಲಿ ಭಾರಿ ಗೌರವದ್ದು, ಮುಕುಟದ ಕಾವಲು ಅವನದ್ದಲ್ಲವೇ. 1617ರಲ್ಲಿ ಪ್ರಾಟೆಸ್ಟೆಂಟ್ ನಾಯಕ ಕೌಂಟ್ ಥುರ್ನ್‌ನಿಂದ ಆ ಹುದ್ದೆ ಕಿತ್ತು ಕ್ಯಾಥೊಲಿಕ್ ಮಾರ್ಟಿನಿತ್ಸ್‌ಗೆ ಕೊಟ್ಟರು. ಮರುವರ್ಷ 23 ಮೇ 1618ರಂದು ಪ್ರಾಗ್ ಕೋಟೆಯ ಕಿಟಕಿಯಿಂದ ಹೊರಗೆಸೆದ ಮೂವರಲ್ಲಿ ಮಾರ್ಟಿನಿತ್ಸ್ ಒಬ್ಬ, ಎಸೆದ ಗುಂಪಿನ ಮುಂದಾಳು ಥುರ್ನ್. ಮೂವತ್ತು ವರ್ಷದ ಯುದ್ಧಕ್ಕೆ ಕಾರಣಗಳು ಬೇರೆ ಬೇಕಾದಷ್ಟಿವೆ, ಆದರೆ ಆ ಕಿಟಕಿಯ ಬಳಿ ನಿಂತಿದ್ದ ಇಬ್ಬರ ನಡುವೆ ಈ ಊರಿನ ಬೀಗದಕೈಯ ಜಗಳವೂ ಇತ್ತು.

---

ಉತ್ತರ | ಹಳಿಪಟ್ಟಿ

ಹಿರಿಯರ ಜೊತೆಗೆ ಅಮೆರಿಕಾ ಕ್ವಾರಿಗಿಂತ ನದಿದಂಡೆಯೇ ಒಳ್ಳೆಯದು. ಊರಿನಿಂದ ಹರಿವಿಗೆ ಎದುರಾಗಿ ಎಡದಂಡೆಯಲ್ಲೇ ಸಮತಟ್ಟು ದಾರಿ, ಮೂರ್ನಾಲ್ಕು ಕಿ.ಮೀ. ನಡೆದರೆ ಸರ್ಬ್‌ಸ್ಕೊ ಎಂಬ ಹಳ್ಳಿ. ಅಲ್ಲಿ ಸೇತುವೆ ದಾಟಿದರೆ ಎಸ್7 ನಿಲುಗಡೆ, ಬಂದ ದಾರಿಯಲ್ಲಿ ಮರಳಬೇಕಿಲ್ಲ. ಬೇಸಿಗೆಯಾದರೆ ನದಿ ತುಂಬ ದೋಣಿಗಳು, ಎದುರಾದವರಿಗೆಲ್ಲ 'ಅಹೋಯ್' ಅನ್ನುತ್ತಾರೆ, ತಿರುಗಿ ಹಾಗೇ ಅಂದರೆ ಸಾಕು.

ಕೊನ್ಯೆಪ್ರೂಸಿ ಗುಹೆಗಳನ್ನು ಯಾರಾದರೂ ಸೂಚಿಸಿದರೆ ಅದೇ ದಿನಕ್ಕೆ ತುರುಕಬೇಡಿ. 1950ರಲ್ಲಿ ಪತ್ತೆಯಾದ, ಬೊಹೇಮಿಯಾದಲ್ಲೇ ದೊಡ್ಡ ಗುಹಾಜಾಲ. ಹದಿನೈದನೇ ಶತಮಾನದಲ್ಲಿ ಖೋಟಾ ನಾಣ್ಯ ಹೊಡೆಯುತ್ತಿದ್ದವರ ಕಾರ್ಖಾನೆ ಮೇಲಂತಸ್ತಿನಲ್ಲಿ ಸಿಕ್ಕಿದೆ. ನೋಡತಕ್ಕದ್ದೇ, ಆದರೆ ಒಳಗೆ ಸದಾ 10 ಡಿಗ್ರಿ ಚಳಿ, ರೈಲು ಅಲ್ಲಿಗಿಲ್ಲ, ಬೆರೌನ್ ಕಡೆಯಿಂದ ಹೋಗಬೇಕು. ಬೇರೆ ದಿನ ಇಡಿ.

ಇನ್ನು ಸರ್ಬ್‌ಸ್ಕೊದಿಂದ ವಾಪಸು ಗಾಡಿ ಹುಡುಕುವಾಗ ಒಂದು ಎಚ್ಚರ. ಚೆಕ್ ಭಾಷೆಯಲ್ಲಿ ಸರ್ಬಿಯಾ ದೇಶಕ್ಕೂ ಇದೇ ಹೆಸರು. ಫೋನಿನ ನಕಾಶೆಯಲ್ಲಿ ಬರೀ ಸರ್ಬ್‌ಸ್ಕೊ ಅಂತ ಹೊಡೆದರೆ ಬೆಲ್‌ಗ್ರೇಡ್‌ಗೆ ದಾರಿ ತೋರಿಸೀತು. ರೈಲಿನ ಆ್ಯಪ್‌ನಲ್ಲಿ ನಿಲುಗಡೆಗಳ ಪಟ್ಟಿಯಿಂದಲೇ, ಕಾರ್ಲ್‌ಷ್ಟೇಯ್ನ್ ಮತ್ತು ಬೆರೌನ್ ನಡುವಿನದ್ದನ್ನು ಆರಿಸಿಕೊಳ್ಳಿ.